ಹೆಸರಿಲ್ಲದ ಉತ್ತರಪತ್ರಿಕೆ

ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಧೀಶರು 60ಕ್ಕೆ ನಿವೃತ್ತರಾಗುತ್ತಾರೆ, ಹೈಕೋರ್ಟಿನ ನ್ಯಾಯಮೂರ್ತಿಗಳು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ. ನ್ಯಾಯಾಂಗ ಸೇವೆಯಲ್ಲಿರುವವರಿಗೆ ಈ ಮೂರು ಅಂಕಿ ಬಾಯಿಪಾಠ. ಸೇವೆಗೆ ಸೇರಿದ ದಿನ ನಿಮಗೆಷ್ಟು ವಯಸ್ಸಾಗಿತ್ತು ಅನ್ನುವುದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದು ಅವತ್ತೇ ಹೆಚ್ಚುಕಡಿಮೆ ತಿಳಿದುಬಿಡುತ್ತದೆ. ನಾನು ಮುನ್ಸೀಫ್ ಆಗಿ ಸೇರಿದಾಗ ನನಗೆ 31, ಮಗಳಿಗೆ ಇನ್ನೂ ಮಾತು ಸರಿಯಾಗಿ ಬಂದಿರಲಿಲ್ಲ. ಪ್ರಧಾನ ಜಿಲ್ಲಾ ನ್ಯಾಯಾಧೀಶೆಯಾಗಿ ನಿವೃತ್ತಳಾದೆ. ಅದರ ಬಗ್ಗೆ ಹೆಮ್ಮೆಯಿದೆ, ಕೊರಗಿಲ್ಲ. ಆದರೆ ಮಹಿಳಾ ನ್ಯಾಯಾಧೀಶರ ಮಾತು ಬಂದಾಗಲೆಲ್ಲ ಜನ ಧೈರ್ಯದ ಬಗ್ಗೆ, ಸಾಧನೆಯ ಬಗ್ಗೆ, ತಾಯಿಹೃದಯದ ಬಗ್ಗೆ ಮಾತಾಡುತ್ತಾರೆ. ವಯಸ್ಸಿನ ಈ ಲೆಕ್ಕದ ಬಗ್ಗೆ, ಯಾವ ಬಾಗಿಲಿನಿಂದ ಒಳಗೆ ಬಂದೆವು ಅನ್ನುವುದರ ಬಗ್ಗೆ ಮಾತಾಡುವವರು ಕಡಿಮೆ. ನಾನು ಕಣ್ಣಾರೆ ಕಂಡಿರುವುದು ಅದನ್ನೇ.

ನಾನು ಬಂದದ್ದು ಪರೀಕ್ಷೆಯ ಬಾಗಿಲಿನಿಂದ. ಅದಕ್ಕೂ ಮುಂಚೆ ಇನ್ನೊಂದು ಬಾಗಿಲ ಮುಂದೆ ಕೆಲವು ವರ್ಷ ನಿಂತಿದ್ದೆ.

ಮೈಸೂರಿನಲ್ಲಿ ಕಾನೂನು ಓದಿ ಸನ್ನದು ಪಡೆದ ಮೇಲೆ ಹಿರಿಯ ಸಿವಿಲ್ ವಕೀಲರೊಬ್ಬರ ಆಫೀಸು ಸೇರಿದೆ. ಕೃಷ್ಣರಾಜ ಬುಲೇವಾರ್ಡ್ ಪಕ್ಕದ ಕೋರ್ಟಿಗೆ ಅಲ್ಲಿಂದ ನಡೆದೇ ಹೋಗುತ್ತಿದ್ದೆವು. ಜೂನಿಯರ್‌ಗಳಲ್ಲಿ ಹೆಂಗಸು ಅಂದರೆ ನಾನೊಬ್ಬಳೇ. ಒಳ್ಳೆಯ ಆಫೀಸು, ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ದಾವಾಪತ್ರ ಬರೆಯುವುದು, ಜವಾಬು ತಯಾರಿಸುವುದು, ನಕಲು ವಿಭಾಗದಲ್ಲಿ ನಿಂತು ಪ್ರಮಾಣಿತ ಪ್ರತಿ ತರುವುದು ನನ್ನ ಪಾಲಿಗೆ. ಬೆಳಗ್ಗೆ ಕೋರ್ಟ್ ಹಾಲಿನ ಬಾಗಿಲಲ್ಲಿ ಸೀನಿಯರ್ ಕೈಗೆ ಫೈಲು ಕೊಟ್ಟು, “ಡೇಟ್ ತಗೊಂಡು ಬಾಮ್ಮ” ಅನ್ನುತ್ತಿದ್ದರು. ಪಾಟಿ ಸವಾಲಿಗೆ ಎದ್ದು ನಿಲ್ಲುವ ಸರದಿ ಬಂದಾಗ ಮಾತ್ರ ಫೈಲು ನನ್ನ ಕೈಯಿಂದ ಪಕ್ಕದ ಹುಡುಗನ ಕೈಗೆ ಹೋಗುತ್ತಿತ್ತು. ನಾನು ಬರೆದ ಟಿಪ್ಪಣಿ ಇಟ್ಟುಕೊಂಡು ಅವನು ಸಾಕ್ಷಿಯನ್ನು ಪ್ರಶ್ನಿಸುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಒಮ್ಮೆ ಕೇಳಿಯೇಬಿಟ್ಟೆ. ಸೀನಿಯರ್ ಬೇಸರಪಡಲಿಲ್ಲ. “ಕಕ್ಷಿದಾರರು ಒಪ್ಪಲ್ಲಮ್ಮ” ಅಂದರು. ಅದು ಸುಳ್ಳೂ ಅಲ್ಲ. ಹುಣಸೂರು ಕಡೆಯ ಜಮೀನ್ದಾರರೊಬ್ಬರು ನನ್ನೆದುರಿಗೇ, “ನಮ್ಮ ಕೇಸು ಈಯಮ್ಮ ನಡೆಸ್ತಾರಾ?” ಎಂದು ಕೇಳಿದ್ದರು.

ನನಗೆ ಪೂರ್ತಿಯಾಗಿ ಬಿಟ್ಟುಕೊಟ್ಟದ್ದು ಜೀವನಾಂಶದ ಅರ್ಜಿಗಳನ್ನು. ಆಗ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಜೀವನಾಂಶ ಕೊಡಿಸುವಂತಿರಲಿಲ್ಲ. ಆ ಮಿತಿ ತೆಗೆದದ್ದು 2001ರಲ್ಲಿ. 500 ರೂಪಾಯಿಗಾಗಿ ಕೋರ್ಟಿಗೆ ಬಂದ ಹೆಂಗಸಿನ ಹತ್ತಿರ ಯಾವ ಬಾಯಲ್ಲಿ ಫೀಸು ಕೇಳುವುದು? ಹೆಂಗಸರ ಕೇಸು ಹೆಂಗಸಿಗೆ ಅನ್ನುವುದು ಕೇಳಲು ಚೆನ್ನಾಗಿರುತ್ತದೆ. ಆದರೆ ಹಣ, ಹೆಸರು, ಜಡ್ಜುಗಳ ಕಣ್ಣಿಗೆ ಬೀಳುವ ಅವಕಾಶ ಇವೆಲ್ಲ ಇದ್ದದ್ದು ಆಸ್ತಿ ವ್ಯಾಜ್ಯದಲ್ಲಿ, ಸೆಷನ್ಸ್ ಕೇಸುಗಳಲ್ಲಿ. ಸರ್ಕಾರಿ ವಕೀಲರನ್ನು ನೇಮಿಸುವಾಗ, ಬ್ಯಾಂಕಿನವರು ತಮ್ಮ ವಕೀಲರ ಪಟ್ಟಿ ಮಾಡುವಾಗ ಯಾರೋ ಯಾರನ್ನೋ “ಅಲ್ಲಿ ಚೆನ್ನಾಗಿ ನಡೆಸೋರು ಯಾರ್ರೀ?” ಎಂದು ಕೇಳುತ್ತಾರೆ. ನಾಲ್ಕು ಜನರ ಬಾಯಲ್ಲಿ ಹೆಸರು ಓಡಾಡಬೇಕಾದರೆ ನಾಲ್ಕು ಜನರೆದುರು ಎದ್ದು ವಾದಿಸಿರಬೇಕು. ವಾದಿಸಲು ಬಿಡದಿದ್ದರೆ ಹೆಸರು ಹೇಗೆ ಹುಟ್ಟಬೇಕು?

ಇಂಥ ದಿನಗಳಲ್ಲೇ, 1989ರ ಅಕ್ಟೋಬರಿನಲ್ಲಿ, ಊರಿಗೆ ಹೋದಾಗ ಅಪ್ಪ ಒಂದು ಪತ್ರಿಕೆ ತೆಗೆದಿಟ್ಟಿದ್ದರು. ಅಪ್ಪ ಮಂಡ್ಯ ಜಿಲ್ಲೆಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಎಂ. ಫಾತಿಮಾ ಬೀವಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದ ಸುದ್ದಿ. ಸುಪ್ರೀಂ ಕೋರ್ಟ್ ಶುರುವಾಗಿ ಆಗ 39 ವರ್ಷ. ಅಪ್ಪನಿಗೆ ಅದರಲ್ಲಿ ಇನ್ನೊಂದು ಸಂತೋಷ. ಆಗಿನ ಮುಖ್ಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಪಾಂಡವಪುರ ಸೀಮೆಯವರು, ನಮ್ಮ ಕಡೆಯವರು. “ನೋಡು, ನಮ್ಮೋರು ಕೂತಿರೋವಾಗ ಆಯ್ತು ಇದು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಓದಿದ್ದು ಬೇರೆಯದನ್ನು: ಆಕೆ 1958ರಲ್ಲಿ ಕೇರಳದಲ್ಲಿ ಮುನ್ಸೀಫ್ ಆಗಿ ಸೇರಿದವರು ಅನ್ನುವ ಒಂದೇ ಸಾಲು.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದವರು. ವಿಜ್ಞಾನ ಓದಿದ್ದ ಮಗಳನ್ನು ಕಾನೂನಿಗೆ ಕಳಿಸಿದ್ದು ತಂದೆ ಮೀರಾ ಸಾಹಿಬ್. ಅವರ ಮನಸ್ಸಿನಲ್ಲಿದ್ದದ್ದು ಅನ್ನಾ ಚಾಂಡಿ. ತಿರುವಾಂಕೂರು ಸಂಸ್ಥಾನದಲ್ಲಿ 1937ರಲ್ಲಿ ಮುನ್ಸೀಫ್ ಆದ ಅನ್ನಾ ಚಾಂಡಿ ಮುಂದೆ 1948ರಲ್ಲಿ ಜಿಲ್ಲಾ ನ್ಯಾಯಾಧೀಶೆಯಾಗಿ, 1959ರಲ್ಲಿ ಕೇರಳ ಹೈಕೋರ್ಟ್ ನ್ಯಾಯಮೂರ್ತಿಯಾದರು. ಹೆಂಗಸರಿಗೆ ಸರ್ಕಾರಿ ಕೆಲಸ ಕೊಡಕೂಡದು ಎಂದು ತಿರುವನಂತಪುರದ ಸಭೆಯೊಂದರಲ್ಲಿ ವಾದಿಸಿದವರಿಗೆ, ಮುನ್ಸೀಫ್ ಆಗುವ ಎಷ್ಟೋ ವರ್ಷ ಮುಂಚೆಯೇ, ಒಂದೊಂದು ಅಂಶವನ್ನೂ ಹಿಡಿದು ಉತ್ತರ ಕೊಟ್ಟಿದ್ದ ಹೆಣ್ಣುಮಗಳು. ಈ ದೇಶದಲ್ಲಿ ಹೆಂಗಸರು ವಕೀಲಿ ಮಾಡಬಹುದು ಅನ್ನುವ ಕಾನೂನು ಬಂದದ್ದೇ 1923ರಲ್ಲಿ. ಅದಕ್ಕೂ ಮುಂಚೆ 1916ರಲ್ಲಿ ಕಲ್ಕತ್ತೆಯಲ್ಲಿ ರೆಜಿನಾ ಗುಹ, 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅರ್ಜಿ ಹಾಕಿ ಸೋತಿದ್ದರು. ಪದವಿ ಇತ್ತು, ಕೇಳಿಕೊಂಡರು, ಹೈಕೋರ್ಟುಗಳು ಆಗುವುದಿಲ್ಲ ಅಂದವು. ಆ ಕಾನೂನು ಬಂದ ಹದಿನಾಲ್ಕನೆಯ ವರ್ಷಕ್ಕೆ ಅನ್ನಾ ಚಾಂಡಿ ನ್ಯಾಯಪೀಠದಲ್ಲಿ ಕೂತಿದ್ದರು. ಹೀಗೆ ಒಬ್ಬರನ್ನು ನೋಡಿ ಒಬ್ಬರ ಮನೆಯಲ್ಲಿ ಒಂದು ನಿರ್ಧಾರವಾಗುತ್ತದೆ. ಮೀರಾ ಸಾಹಿಬರು ಅನ್ನಾ ಚಾಂಡಿಯನ್ನು ನೋಡಿದರು, ನನ್ನ ಅಪ್ಪ ಫಾತಿಮಾ ಬೀವಿಯ ಸುದ್ದಿ ಓದಿದರು.

ಫಾತಿಮಾ ಬೀವಿ 31ಕ್ಕೆ ಮುನ್ಸೀಫ್ ಆದರು, ನಾನೂ 31ಕ್ಕೇ. ಅವರು ಹೈಕೋರ್ಟು ಮುಟ್ಟುವ ಹೊತ್ತಿಗೆ 1983, ವಯಸ್ಸು 56. ಅಲ್ಲಿಂದ 62ಕ್ಕೆ ನಿವೃತ್ತರಾಗಿ ಮನೆಗೆ ಹೋದ ಮೇಲೆ ಸುಪ್ರೀಂ ಕೋರ್ಟಿನಿಂದ ಕರೆ ಬಂತು. ಇಪ್ಪತ್ತೈದು ವರ್ಷ ಮೆಟ್ಟಿಲು ಹತ್ತಿ ಕೊನೆಗೆ ಆರು ವರ್ಷ ಹೈಕೋರ್ಟು, ಮೂರು ವರ್ಷಕ್ಕೂ ಕಡಿಮೆ ಸುಪ್ರೀಂ ಕೋರ್ಟು. ಮಧ್ಯೆ ಎಲ್ಲಾದರೂ ನಾಲ್ಕು ವರ್ಷ ನಿಂತುಬಿಟ್ಟಿದ್ದರೆ ನನ್ನ ಅಪ್ಪ ಆ ಸುದ್ದಿ ಓದುತ್ತಲೇ ಇರಲಿಲ್ಲ.

ಪರೀಕ್ಷೆಗೆ ಓದಿದ್ದು ಮಗಳು ಹುಟ್ಟಿದ ಮೇಲೆ. ಅಡುಗೆಮನೆಯ ಕಟ್ಟೆಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ಸೀನಿಯರ್ ಆಫೀಸಿನಲ್ಲಿ ಕೂತು ಬರೆದ ಆ ಲೆಕ್ಕವಿಲ್ಲದಷ್ಟು ದಾವಾಪತ್ರ, ಜವಾಬುಗಳೇ ಕೊನೆಗೆ ನನ್ನ ಕೈಹಿಡಿದವು. ತೀರ್ಪು ಬರೆಯುವ ಪತ್ರಿಕೆಯಲ್ಲಿ ವಾದಿಯ ಕಥೆ, ಪ್ರತಿವಾದಿಯ ಕಥೆ, ಇಬ್ಬರ ಸಾಕ್ಷ್ಯದ ಸಾರಾಂಶ ಕೊಟ್ಟಿರುತ್ತಾರೆ. ವಿವಾದಾಂಶಗಳನ್ನು ರಚಿಸಿ, ಒಂದೊಂದಕ್ಕೂ ಕಾರಣ ಕೊಟ್ಟು, ಕೊನೆಗೆ ಆದೇಶ ಬರೆಯಬೇಕು. ಪ್ರತಿವಾದಿ ಯಾವ ಮಾತನ್ನು ಅಲ್ಲಗಳೆದಿದ್ದಾನೆ, ಯಾವುದಕ್ಕೆ ಸುಮ್ಮನಿದ್ದಾನೆ ಅನ್ನುವುದು ನನಗೆ ಓದುತ್ತಿದ್ದಂತೆಯೇ ಕಾಣುತ್ತಿತ್ತು. ಆವತ್ತು ಮೂರು ಗಂಟೆ ನಾನು ಬರೆದದ್ದು ನನ್ನ ಜೀವನದ ಮೊದಲ ತೀರ್ಪು. ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆಯಿತ್ತು, ಹೆಸರಿರಲಿಲ್ಲ. ಅದನ್ನು ತಿದ್ದುವವರಿಗೆ ಬರೆದದ್ದು ಹೆಣ್ಣೋ ಗಂಡೋ, ಮೇಷ್ಟ್ರ ಮಗಳೋ ವಕೀಲರ ಮಗನೋ ಗೊತ್ತಾಗುವಂತಿರಲಿಲ್ಲ. ನನ್ನ ಕಕ್ಷಿದಾರರು ಒಪ್ಪುತ್ತಾರೋ ಇಲ್ಲವೋ ಎಂದು ಯಾರೂ ಕೇಳುವಂತಿರಲಿಲ್ಲ. ಇವತ್ತಿಗೂ ನಾನು ನಂಬಿರುವುದು ಇದನ್ನೇ: ಹೆಂಗಸರು ನ್ಯಾಯಪೀಠಕ್ಕೆ ಸಾಲುಸಾಲಾಗಿ ಬಂದದ್ದು ಹೆಸರು ಕಾಣದ ಕಡೆಯಿಂದ. ಹೆಸರು ಕೇಳಿ ಕರೆಯುವ ಕಡೆಯಲ್ಲಿ ಒಬ್ಬರು, ಇಬ್ಬರು.

ಮೊದಲ ಪೋಸ್ಟಿಂಗ್ ಮಲಪ್ರಭೆಯ ಬಯಲಿನ ಒಂದು ತಾಲೂಕಿಗೆ. ಹಳೆಯ ಕಲ್ಲಿನ ಕಟ್ಟಡ, ಎತ್ತರದ ಪೀಠ, ಹಿಂದೆ ಚೇಂಬರು, ಚೇಂಬರಿಗೆ ಸೇರಿದ ಒಂದು ಶೌಚಾಲಯ. ಸೇರಿದ ವಾರದಲ್ಲೇ ಬೆರಳಚ್ಚುಗಾರ್ತಿ ಮಧ್ಯಾಹ್ನ ಊಟಕ್ಕೆ ಕೂರುವುದಿಲ್ಲ, ನೀರೂ ಕುಡಿಯುವುದಿಲ್ಲ ಅನ್ನುವುದನ್ನು ಗಮನಿಸಿದೆ. ಕೇಳಿದರೆ ಹೇಳಲು ಸಂಕೋಚ. ಆ ಆವರಣದಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವೇ ಇರಲಿಲ್ಲ. ಬೆರಳಚ್ಚುಗಾರ್ತಿಗೆ, ಊರಿನ ಒಬ್ಬಳೇ ವಕೀಲೆಗೆ, ಕೈದಿಯ ಜೊತೆ ಬರುವ ಮಹಿಳಾ ಕಾನ್‌ಸ್ಟೇಬಲಿಗೆ, ಪಾಲು ಕೇಳಲು ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಮುದುಕಿಗೆ, ಯಾರಿಗೂ ಇರಲಿಲ್ಲ. ಚೇಂಬರಿನ ಹಿಂಬಾಗಿಲ ಚಿಲಕ ತೆಗೆಸಿ, ಕೋರ್ಟು ನಡೆಯುವ ಹೊತ್ತಿನಲ್ಲಿ ಅದು ಎಲ್ಲ ಹೆಂಗಸರಿಗೂ ತೆರೆದಿರಬೇಕೆಂದು ಶಿರಸ್ತೇದಾರರಿಗೆ ಹೇಳಿದೆ. ಅವರು ಒಂದು ಕ್ಷಣ ತಡೆದು, “ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ನೋಡ್ರೀ” ಅಂದರು. ಹೊಳೆಯದೆ ಇರುವುದಕ್ಕೆ ಕೆಟ್ಟತನ ಕಾರಣವಲ್ಲ, ಅಲ್ಲಿ ಕೂತವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ. ದೇಶದ ಎಲ್ಲ ಕೋರ್ಟುಗಳಲ್ಲೂ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದ್ದು 2025ರ ಜನವರಿಯಲ್ಲಿ.

ಆ ಊರಿನಲ್ಲಿ ನನ್ನ ಬಗ್ಗೆ ಎರಡು ನಿರೀಕ್ಷೆಗಳಿದ್ದವು. ಗಂಡಸರ ಪರ ವಕೀಲರು ನಾನು ಹೆಂಗಸರ ಕಡೆಗೆ ವಾಲುತ್ತೇನೆಂದು ಹೆದರಿದ್ದರು, ಹೆಂಗಸರು ಅದನ್ನೇ ಆಸೆಯಿಂದ ಕಾದಿದ್ದರು. ಎರಡನ್ನೂ ಒಂದೇ ದಿನ ಎದುರಿಸಿದ ಒಂದು ಪಾಲುವಿಭಾಗದ ದಾವೆ ನನಗೆ ಅಕ್ಷರ ಅಕ್ಷರ ನೆನಪಿದೆ.

ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟು ಹಿಂದೂ ಉತ್ತರಾಧಿಕಾರ ಕಾನೂನಿಗೆ ತನ್ನದೇ ತಿದ್ದುಪಡಿ ತಂದಿತ್ತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು, ದೇಶಕ್ಕೆಲ್ಲ ಆ ಹಕ್ಕು ಬರುವ ಹನ್ನೊಂದು ವರ್ಷ ಮೊದಲು. ಆದರೆ ಅದರಲ್ಲಿ ಒಂದು ಷರತ್ತಿತ್ತು. ಆ ದಿನಾಂಕಕ್ಕೆ ಮುಂಚೆ ಮದುವೆಯಾದ ಹೆಣ್ಣುಮಗಳಿಗೆ ಈ ಹಕ್ಕಿಲ್ಲ. ನನ್ನ ಮುಂದೆ ಬಂದ ಮನೆಯಲ್ಲಿ ತಾಯಿ ಮೊದಲೇ ಹೋಗಿದ್ದರು. ತಂದೆ ಸತ್ತದ್ದು ಕಾನೂನು ಬಂದ ಮೇಲೆ. ಅಕ್ಕ, ತಂಗಿ, ತಮ್ಮ, ಮೂವರು. ಅಕ್ಕನ ಮದುವೆ ಕಾನೂನಿಗೆ ಮುಂಚೆ ಆಗಿತ್ತು, ತಂಗಿಗೆ ಇನ್ನೂ ಆಗಿರಲಿಲ್ಲ. ಲೆಕ್ಕ ಹೀಗೆ ಬರುತ್ತದೆ: ಮೊದಲು ಆಸ್ತಿಯನ್ನು ತಂದೆ, ತಂಗಿ, ತಮ್ಮ ಈ ಮೂವರ ನಡುವೆ ಸಮನಾಗಿ ಹಂಚಬೇಕು. ಆಮೇಲೆ ಸತ್ತ ತಂದೆಯ ಪಾಲನ್ನು ಮೂವರು ಮಕ್ಕಳಿಗೆ ಹಂಚಬೇಕು. ಒಟ್ಟು ಒಂಬತ್ತು ಭಾಗದಲ್ಲಿ ತಂಗಿಗೆ ನಾಲ್ಕು, ತಮ್ಮನಿಗೆ ನಾಲ್ಕು, ಅಕ್ಕನಿಗೆ ಒಂದು.

ದಾವೆ ಹಾಕಿದವಳು ಅಕ್ಕ. ಮಾವಿನಕಾಯಿ ಬಣ್ಣದ ಇಳಕಲ್ ಸೀರೆ, ಸೆರಗು ತಲೆಯ ಮೇಲೆ. ಆದೇಶದ ಭಾಗ ಓದಿ ಮುಗಿಸಿದೆ. ಅವಳ ವಕೀಲರು ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ಅವಳು ನೇರವಾಗಿ ನನ್ನನ್ನೇ ಕೇಳಿದಳು: “ನಾನೂ ಅದಽ ಅಪ್ಪನ ಮಗಳ ಅಲ್ಲೇನ್ರೀ ಅವ್ವಾರ? ಲಗ್ನ ಆದದ್ದು ನನ್ನ ತಪ್ಪೇನ್ರೀ? ಲಗ್ನಾ ಮಾಡಿದಾಂವ ಅಪ್ಪಽನ ಹೌದಲ್ರೀ?”

ಕೋರ್ಟು ಸುಮ್ಮನಾಯಿತು. ಅಪೀಲು ಹೋಗುವ ಅವಕಾಶವಿದೆ ಎಂದಷ್ಟೇ ಹೇಳಿದೆ. ಹೇಳಬೇಕಾದದ್ದೂ ಅಷ್ಟೇ. ಕಾನೂನಿನಲ್ಲಿ ಬರೆದಿರುವ ದಿನಾಂಕವನ್ನು ನಾನು ಹೆಂಗಸೆಂಬ ಕಾರಣಕ್ಕೆ ಆಚೀಚೆ ಸರಿಸುವಂತಿರಲಿಲ್ಲ, ಸರಿಸಿದ್ದರೆ ಆ ಪೀಠದಲ್ಲಿ ಕೂರುವ ಹಕ್ಕು ನನಗಿರುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಮದುವೆಯಾದವಳು, ಆಗದವಳು ಅನ್ನುವ ಭೇದವನ್ನು ತೆಗೆಯಿತು. ಹೆಣ್ಣುಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತವಾಗಿ ಹೇಳಿತು. ಆ ಪೀಠದಲ್ಲಿದ್ದ ಮೂವರೂ ಗಂಡಸರು. ಇದನ್ನು ನಾನು ಹೋದಲ್ಲೆಲ್ಲ ಒತ್ತಿ ಹೇಳುತ್ತೇನೆ. ಹೆಂಗಸರಿಗೆ ನ್ಯಾಯ ಕೊಡುವುದು ಮಹಿಳಾ ನ್ಯಾಯಾಧೀಶರ ಗುತ್ತಿಗೆಯಲ್ಲ, ಎಲ್ಲ ನ್ಯಾಯಾಧೀಶರ ಕೆಲಸ. ನಾವು ಹೆಚ್ಚು ಮರುಕ ತೋರಿಸುತ್ತೇವೆಂದು ನಮಗೆ ಪೀಠ ಬೇಕಾಗಿಲ್ಲ. ಓದಿದ್ದೇವೆ, ಕೆಲಸ ಬಲ್ಲೆವು, ಅದಕ್ಕೆ ಬೇಕು.

ಎರಡನೆಯ ಮಗು ಹುಟ್ಟಿದ್ದು ಸೇವೆಯಲ್ಲಿದ್ದಾಗ. ನ್ಯಾಯಾಧೀಶರಿಗೆ ಪ್ರತಿ ತಿಂಗಳೂ ಇಷ್ಟು ಯೂನಿಟ್ ಕೇಸು ವಿಲೇವಾರಿ ಮಾಡಬೇಕೆಂಬ ಲೆಕ್ಕವಿರುತ್ತದೆ, ವರ್ಷದ ಗೌಪ್ಯ ವರದಿಯಲ್ಲಿ ಅದು ಕಾಣುತ್ತದೆ. ಹೆರಿಗೆ ರಜೆಯಲ್ಲಿದ್ದಾಗಲೂ ಹೊಸ ದಾವೆಗಳು ದಾಖಲಾಗುತ್ತಲೇ ಇರುತ್ತವೆ. ರಜೆ ಮುಗಿಸಿ ಬಂದಾಗ ಮೇಜಿನ ಮೇಲೆ ಇದ್ದ ಕಟ್ಟುಗಳನ್ನು ನೋಡಿ ನಾನು ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಅತ್ತೆ ಊರು, ಮನೆ, ಹಸು ಎಲ್ಲ ಬಿಟ್ಟು ನನ್ನ ಜೊತೆ ಕ್ವಾರ್ಟರ್ಸ್‌ಗೆ ಬಂದು ನಿಂತರು. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು, ಅವರ ವರ್ಗಾವಣೆ ಒಂದು ದಿಕ್ಕಿಗೆ, ನನ್ನದು ಒಂದು ದಿಕ್ಕಿಗೆ. ಮೂರು ವರ್ಷಕ್ಕೊಮ್ಮೆ ಪಾತ್ರೆ ಕಟ್ಟಿ, ಮಕ್ಕಳ ಟಿ.ಸಿ. ತೆಗೆಸಿ ಹೊಸ ಊರಿಗೆ ಹೋಗುವಾಗ ಅತ್ತೆ ಒಮ್ಮೆಯೂ ಬೇಡ ಅನ್ನಲಿಲ್ಲ. ನನ್ನ ತೀರ್ಪುಗಳಲ್ಲಿ ಎಲ್ಲೂ ಅವರ ಹೆಸರಿಲ್ಲ. ಅವರಿಲ್ಲದಿದ್ದರೆ ಆ ತೀರ್ಪುಗಳೂ ಇರುತ್ತಿರಲಿಲ್ಲ.

ಅಂಥ ಅತ್ತೆ ಇಲ್ಲದವರು ಏನು ಮಾಡಬೇಕು? ಮಧ್ಯಪ್ರದೇಶದಲ್ಲಿ 2023ರಲ್ಲಿ ಆರು ಮಂದಿ ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಸೇವೆಯಿಂದ ತೆಗೆದರು. ಸುಪ್ರೀಂ ಕೋರ್ಟು ಅದನ್ನು ತಾನೇ ಕೈಗೆತ್ತಿಕೊಂಡಿತು. ನಾಲ್ವರನ್ನು ಹೈಕೋರ್ಟೇ ಮರಳಿ ಸೇರಿಸಿಕೊಂಡಿತು, ಉಳಿದ ಇಬ್ಬರನ್ನು ಮರಳಿ ಸೇರಿಸಬೇಕೆಂದು 2025ರ ಫೆಬ್ರವರಿ 28ರಂದು ಆದೇಶವಾಯಿತು. ಅವರಲ್ಲೊಬ್ಬರಿಗೆ ಆ ಅವಧಿಯಲ್ಲಿ ಗರ್ಭಪಾತವಾಗಿತ್ತು. ಆಕೆಯ ವಿಲೇವಾರಿ ಲೆಕ್ಕ ನೋಡಿದವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಪೀಠದ ಮುಂದಾಳು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮಹಿಳಾ ಅಧಿಕಾರಿಗಳ ಸಂಖ್ಯೆ ಹೆಚ್ಚಿದೆಯೆಂದು ಸಂತೋಷಪಟ್ಟರೆ ಸಾಲದು, ಅವರು ಕೆಲಸ ಮಾಡುವ ವಾತಾವರಣವೂ ಅವರ ಬದುಕನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವುದು ಆ ತೀರ್ಪಿನ ತಿರುಳು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮೇಜಿನ ಮೇಲಿದ್ದ ಆ ಕಟ್ಟುಗಳೇ ಕಣ್ಣ ಮುಂದೆ ಬಂದವು.

2002ರ ನಂತರ ಸೀನಿಯರ್ ಡಿವಿಜನ್ ಸಿವಿಲ್ ನ್ಯಾಯಾಧೀಶರಿಗೆ ಒಂದು ಒಳದಾರಿ ಸಿಕ್ಕಿತು. ಹಿರಿತನಕ್ಕೆ ಕಾಯದೆ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಜಿಲ್ಲಾ ನ್ಯಾಯಾಧೀಶರಾಗುವ ದಾರಿ. ನನ್ನ ಜೊತೆಯ ಗಂಡಸರಲ್ಲಿ ಕೆಲವರು ಬರೆದರು, ಪಾಸಾದರು. ನಾನು ಬರೆಯಬಹುದಾಗಿದ್ದ ವರ್ಷಗಳಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಮಗಳು ಎಸ್ಎಸ್ಎಲ್‌ಸಿಯಲ್ಲಿದ್ದಳು. ಬರೆದವರು ನನಗಿಂತ ಐದಾರು ವರ್ಷ ಮುಂಚೆ ಜಿಲ್ಲಾ ನ್ಯಾಯಾಧೀಶರಾದರು. ನನ್ನ ಹಿರಿತನ ಬರುವ ಹೊತ್ತಿಗೆ ಐವತ್ತೆಂಟೂವರೆ ದಾಟಿತ್ತು. ಆ ವಯಸ್ಸು ದಾಟಿದವರ ಹೆಸರು ಸಾಮಾನ್ಯವಾಗಿ ಹೈಕೋರ್ಟಿಗೆ ಹೋಗುವುದಿಲ್ಲ.

ಹಾಗಾದರೆ ಮೇಲೆ ಹೋದವರು ಹೇಗೆ ಹೋದರು? ಬಳ್ಳಾರಿಯ ಮಂಜುಳಾ ಚೆಲ್ಲೂರ್ ಅವರನ್ನು ನೋಡಿ. 1955ರಲ್ಲಿ ಹುಟ್ಟಿದವರು. ವಕೀಲಿ ಮಾಡುತ್ತಿದ್ದಾಗಲೇ 1988ರಲ್ಲಿ ನೇರವಾಗಿ ಜಿಲ್ಲಾ ನ್ಯಾಯಾಧೀಶೆಯಾದರು. 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಾಗ ವಯಸ್ಸು 44. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ, ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ. ಅದೇ 1955ರಲ್ಲಿ ಹುಟ್ಟಿದ ತಮಿಳುನಾಡಿನ ಆರ್. ಭಾನುಮತಿ ಅದೇ 1988ರಲ್ಲಿ, ಅದೇ ರೀತಿ ನೇರ ನೇಮಕಾತಿಯಿಂದ ಜಿಲ್ಲಾ ನ್ಯಾಯಾಧೀಶೆಯಾದವರು. ಜಾರ್ಖಂಡಿನ ಮುಖ್ಯ ನ್ಯಾಯಮೂರ್ತಿಯಾಗಿ 2014ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಇಬ್ಬರೂ ಮೂವತ್ತಮೂರರ ಆಸುಪಾಸಿನಲ್ಲಿ ಏಣಿಯ ಮಧ್ಯದ ಮೆಟ್ಟಿಲಿಗೇ ಕಾಲಿಟ್ಟರು. ನೇರ ನೇಮಕಾತಿಗೆ ಬೇಕಾದದ್ದು ಏಳು ವರ್ಷದ ವಕೀಲಿಕೆ. ಮುನ್ಸೀಫ್ ಆಗಿ ಸೇರಿದ ನಮ್ಮಂಥವರಿಗೆ ಆ ದಾರಿ ಮುಚ್ಚಿತ್ತು. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷವಾಗಿದ್ದರೆ ಸಾಕು ಎಂದು ಸಂವಿಧಾನ ಪೀಠ ಹೇಳಿದ್ದು 2025ರ ಅಕ್ಟೋಬರಿನಲ್ಲಿ. ಈಗಿನ ಹುಡುಗಿಯರಿಗೆ ಅದು ದೊಡ್ಡ ವರ.

ಹೈಕೋರ್ಟಿನಲ್ಲಿ ಸುಮಾರು ಮೂರನೇ ಎರಡು ಭಾಗ ವಕೀಲರಿಂದ, ಮೂರನೇ ಒಂದು ಭಾಗ ಸೇವೆಯಿಂದ ತುಂಬುವುದು ರೂಢಿ. ವಕೀಲರಿಂದ ಬರುವವರಿಗೆ ಪರೀಕ್ಷೆಯಿಲ್ಲ, ಹೆಸರು ಸೂಚಿಸಬೇಕು. ಅಲ್ಲಿ ಹೆಂಗಸರು ವಿರಳ. ಲೀಲಾ ಸೇಠ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1958ರಲ್ಲಿ ಲಂಡನ್ನಿನ ಬಾರ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದ ಅವರಿಗೆ ಕಲ್ಕತ್ತೆಯ ಹಿರಿಯ ವಕೀಲರೊಬ್ಬರು ವಕೀಲಿ ಬಿಟ್ಟು ಮದುವೆಯಾಗಲು ಹೇಳಿದರು. ಆಗಿದೆ ಅಂದರು. ಮಗು ಮಾಡಿಕೊಳ್ಳಲು ಹೇಳಿದರು. ಒಂದಿದೆ ಅಂದರು. ಒಂದಕ್ಕೆ ಜೊತೆ ಬೇಕಲ್ಲ ಅಂದಾಗ ಎರಡಿವೆ ಅಂದರು. ಆಮೇಲೆ ಆ ಹಿರಿಯರು ಅವರನ್ನು ಸೇರಿಸಿಕೊಂಡರು. ಆಕೆ 1978ರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 1991ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹೈಕೋರ್ಟೊಂದರ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. ವಕೀಲಿಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ಮೊದಲ ಮಹಿಳೆ ಇಂದು ಮಲ್ಹೋತ್ರಾ ಹೋಗುವ ಹೊತ್ತಿಗೆ 2018. ಸುಪ್ರೀಂ ಕೋರ್ಟಿನದೇ 2023ರ ವರದಿಯಲ್ಲಿ ಜಿಲ್ಲಾ ನ್ಯಾಯಾಂಗದಲ್ಲಿ ನೂರಕ್ಕೆ 36 ಮಂದಿ ಮಹಿಳೆಯರು, ಹೈಕೋರ್ಟುಗಳಲ್ಲಿ 13. ಪರೀಕ್ಷೆಯಿರುವ ಕಡೆ 36, ಸೂಚಿಸುವ ಕಡೆ 13.

2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನಲ್ಲಿ ಮೂವರು ಮಹಿಳೆಯರು ಒಂದೇ ದಿನ ಪ್ರಮಾಣ ಮಾಡಿದರು. ಹಿಮಾ ಕೊಹ್ಲಿ, ಬಿ.ವಿ. ನಾಗರತ್ನ, ಬೇಲಾ ತ್ರಿವೇದಿ. ಬೇಲಾ ತ್ರಿವೇದಿ ಅಹಮದಾಬಾದಿನ ಸಿಟಿ ಸಿವಿಲ್ ಕೋರ್ಟಿನಲ್ಲಿ 1995ರಲ್ಲಿ ನ್ಯಾಯಾಧೀಶೆಯಾಗಿ ಶುರುಮಾಡಿದವರು. ನಾನು ಟಿ.ವಿ.ಯ ಮುಂದೆ ಕೂತು ಅವರಿಗಾಗಿ ಕೈಮುಗಿದೆ. ನಮ್ಮ ಸಾಲಿನವರು ಅನ್ನಿಸಿತು. ನಾಗರತ್ನ ಅವರು ವೆಂಕಟರಾಮಯ್ಯನವರ ಮಗಳು. ಅಪ್ಪ ಬದುಕಿರಲಿಲ್ಲ, ಇದ್ದಿದ್ದರೆ ಊರಿಗೆಲ್ಲ ಹೇಳುತ್ತಿದ್ದರು. ಹಿರಿತನದ ಪ್ರಕಾರ ನಡೆದರೆ 2027ರ ಸೆಪ್ಟೆಂಬರಿನಲ್ಲಿ ಅವರು ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುತ್ತಾರೆ, 36 ದಿನಕ್ಕೆ. ಆ 36 ದಿನವನ್ನು ಪತ್ರಿಕೆಗಳು ಕುತೂಹಲದ ಸಂಗತಿಯಂತೆ ಬರೆಯುತ್ತವೆ. ನನಗದು ಸಂಕಟ ತರುತ್ತದೆ. 2008ರಲ್ಲಿ 45ನೇ ವಯಸ್ಸಿಗೆ ಹೈಕೋರ್ಟಿಗೆ ಬಂದ ಅವರನ್ನು ದೆಹಲಿಗೆ ಕರೆಯಲು ಹದಿಮೂರು ವರ್ಷ ಬೇಕಾಯಿತು. ಒಂದೆರಡು ವರ್ಷ ಮುಂಚೆ ಕರೆದಿದ್ದರೆ ಆ 36 ದಿನ ಎಷ್ಟೋ ತಿಂಗಳಾಗುತ್ತಿತ್ತು.

ಈಗ ಮೈಸೂರಿನ ನಮ್ಮ ಮನೆಯ ಮುಂಗೋಣೆಯಲ್ಲಿ ಭಾನುವಾರ ಕೆಲವು ಹುಡುಗಿಯರು ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದಲು ಬರುತ್ತಾರೆ. ತೀರ್ಪು ಬರೆಯುವುದು, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಸಾಕ್ಷಿಯ ಹೇಳಿಕೆ ಭಾಷಾಂತರ ಮಾಡುವುದು, ಇವನ್ನು ಅಭ್ಯಾಸ ಮಾಡಿಸುತ್ತೇನೆ. 2025ರ ಮೇ 20ರಂದು ಸುಪ್ರೀಂ ಕೋರ್ಟು ಕನಿಷ್ಠ ಮೂರು ವರ್ಷ ವಕೀಲಿ ಮಾಡಿದವರೇ ಈ ಪರೀಕ್ಷೆ ಬರೆಯಬೇಕೆಂಬ ಹಳೆಯ ನಿಯಮವನ್ನು ಮತ್ತೆ ತಂದಾಗ ಅವರ ಮುಖಗಳು ಬಾಡಿದವು. ಆ ನಿಯಮವನ್ನು 2002ರಲ್ಲಿ ತೆಗೆಯಲು ಕಾರಣವಾದದ್ದು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ವರದಿ. ಪ್ರತಿಭೆಯುಳ್ಳವರು ಮೂರು ವರ್ಷ ಕಾಯುವುದಿಲ್ಲ ಅನ್ನುವುದು ಅದರ ಕಾಳಜಿ. ವಕೀಲಿಯ ಅನುಭವ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಕೋರ್ಟ್ ಹಾಲಿನಲ್ಲಿ ಕಲಿಯುವುದನ್ನು ಪುಸ್ತಕ ಕಲಿಸುವುದಿಲ್ಲ. ಆದರೆ ಇಪ್ಪತ್ತನಾಲ್ಕರಿಂದ ಇಪ್ಪತ್ತೇಳರವರೆಗಿನ ಆ ಮೂರು ವರ್ಷ ಯಾವ ಹುಡುಗಿಯ ಮನೆಯಲ್ಲಿ ಮದುವೆಯ ಮಾತಿಲ್ಲದೆ ಕಳೆಯುತ್ತದೆ? ಕೈಗೆ ಸಂಪಾದನೆ ಬರದ ಮಗಳನ್ನು ಯಾವ ಬಡ ತಂದೆ ಅಷ್ಟು ದಿನ ಕಾಯುತ್ತಾನೆ?

ಇದನ್ನೇ ನಂಜನಗೂಡು ಕಡೆಯಿಂದ ಬಂದ ಒಬ್ಬ ಹುಡುಗಿಯ ತಂದೆ ಕೇಳಿದರು. ಅವರು ಟೆಂಪೊ ಓಡಿಸುತ್ತಾರೆ. “ಮೇಡಂ, ಮೂರು ವರ್ಷ ಇವಳು ಮನೇಲಿ ಕೂತಂಗೇ ಅಲ್ವಾ?” ಅಂದರು. ನಾನು ಹತ್ತಿರದ ಕೋರ್ಟಿನಲ್ಲಿ ಕೆಲಸ ಮಾಡುವ ಹಿರಿಯ ವಕೀಲರೊಬ್ಬರ ಆಫೀಸಿಗೆ ಅವಳನ್ನು ಕರೆದುಕೊಂಡು ಹೋದೆ. ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು, ಸಾಕ್ಷಿಗಳ ಪಾಟಿ ಸವಾಲನ್ನು ಅವಳಿಂದಲೇ ಮಾಡಿಸಬೇಕು ಎಂದು ಎರಡು ಷರತ್ತು ಹಾಕಿದೆ. ಮೊದಲನೆಯದಕ್ಕೆ ಅವರು ಒಡನೆ ಒಪ್ಪಿದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, ಕಕ್ಷಿದಾರರನ್ನು ಕೇಳಿ ಹೇಳುತ್ತೇನೆ ಅಂದರು. ಕೇಳಬೇಡಿ, ಮುಂದಿನ ಸೋಮವಾರ ಅವಳನ್ನು ನಿಲ್ಲಿಸಿ ಅಂದೆ. ನಿಲ್ಲಿಸಿದರು.